ಕೂತಲ್ಲೇ ಕುಂಟಿದ ದೇವರು

ನನ್ನ ಪ್ರಬಂಧವನ್ನು ವಿಶ್ವವಿದ್ಯಾಲಯ ವಾಪಸು ಕಳಿಸಿದ ದಿನ ಆಸ್ಟಿನ್‌ನಲ್ಲಿ ಜೋರು ಮಳೆ ಎಂದು ನಾನು ಹಲವರಿಗೆ ಹೇಳಿದ್ದೇನೆ. ಒದ್ದೆ ಷೂ, ಒದ್ದೆ ಬ್ಯಾಗು, ಬ್ಯಾಗಿನೊಳಗೆ ಅಂಚು ಉಬ್ಬಿಕೊಂಡ ಹಾಳೆಗಳು, ಎಲ್ಲವೂ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಡೈರಿ ತೆಗೆದು ನೋಡಿದರೆ ಆ ದಿನದ ಮೊದಲ ಸಾಲು ಹೀಗಿದೆ: ‘ಒಂದು ಮೋಡವೂ ಇಲ್ಲ. ಬಸ್ ಸ್ಟಾಪಿನ ಬೆಂಚಿನ ತುಂಬ ಬಿಸಿಲು.’ ಆ ಮಳೆಯನ್ನು ನಾನು ಎಲ್ಲಿಂದ ತಂದೆನೋ ಗೊತ್ತಿಲ್ಲ. ಸೋತ ದಿನಕ್ಕೆ ಮಳೆ ಇರಲಿ ಎನ್ನಿಸಿರಬೇಕು. ಹಾಗಾಗಿ ಇಲ್ಲಿ ನನ್ನ ನೆನಪು ಒಂದು ಹೇಳಿ ಡೈರಿ ಇನ್ನೊಂದು ಹೇಳಿದ ಕಡೆ ಎರಡನ್ನೂ ಬರೆಯುತ್ತೇನೆ.

ಪ್ರಬಂಧದ ವಿಷಯ ಹಳೆಯ ಗ್ರೀಕ್ ಕಾವ್ಯಗಳಲ್ಲಿ ದೇವರುಗಳ ಚಿತ್ರಣ. ಧಾರವಾಡದ ಮಿಷನ್ ಕಾಂಪೌಂಡಿನಲ್ಲಿ ಬೆಳೆದ ಹುಡುಗಿಗೆ ಇದೆಲ್ಲಿಂದ ಗಂಟುಬಿತ್ತು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಅಜ್ಜ ಪಾದ್ರಿಗಳಾಗಿದ್ದರು. ಸೆಮಿನರಿಯಲ್ಲಿ ಕಲಿತ ಬೈಬಲಿನ ಗ್ರೀಕ್ ಅವರಿಗೆ ಅಲ್ಪಸ್ವಲ್ಪ ಉಳಿದಿತ್ತು. ಕನ್ನಡದ ಕಾಗುಣಿತ ಮುಗಿಸಿದ ವರ್ಷವೇ ಅದರ ಅಕ್ಷರಗಳನ್ನು ನನಗೆ ಪಾಟಿಯ ಮೇಲೆ ತಿದ್ದಿಸಿದರು. ಅವರು ಅಕ್ಷರ ಕಲಿಸಿದ್ದು ಸುವಾರ್ತೆ ಓದಲಿ ಎಂದು. ನಾನು ಆ ಅಕ್ಷರ ಹಿಡಿದುಕೊಂಡು ಹೋಗಿ ಸೇರಿದ್ದು ಅದಕ್ಕೂ ನೂರಾರು ವರ್ಷ ಹಿಂದಿನ, ಜಗಳಗಂಟ ದೇವರುಗಳ ಮನೆಗೆ.

ಆ ದೇವರುಗಳು ನಿಜಕ್ಕೂ ಜಗಳಗಂಟರು. ಬೆಟ್ಟದ ತುದಿಯಲ್ಲಿ ಕೂತು ಕೆಳಗಿನ ಯುದ್ಧವನ್ನು ಪಂದ್ಯದಂತೆ ನೋಡುತ್ತಾರೆ, ಪಕ್ಷ ವಹಿಸುತ್ತಾರೆ, ಸುಳ್ಳು ಹೇಳುತ್ತಾರೆ. ಪ್ರೇಮದ ದೇವತೆಗೆ ಯುದ್ಧದಲ್ಲಿ ಕೈ ತರಚಿದರೆ ಅಮ್ಮನ ಮಡಿಲಿಗೆ ಓಡಿಹೋಗಿ ಅಳುತ್ತಾಳೆ. ಸಿಡಿಲಿನ ದೇವರು ಎಲ್ಲರಿಗೂ ತಂದೆ, ಎಲ್ಲರಿಗಿಂತ ಬಲಶಾಲಿ, ಆದರೆ ಹೆಂಡತಿಗೆ ಹೆದರುತ್ತಾನೆ. ನನಗೆ ತುಂಬ ಇಷ್ಟವಾದ ಸನ್ನಿವೇಶ ಒಂದು ಔತಣದ್ದು. ಈ ಗಂಡಹೆಂಡಿರ ಜಗಳ ಏರಿ ಊಟ ಕೆಡುವ ಹೊತ್ತಿಗೆ ಅವರ ಮಗ, ಕುಲುಮೆಯ ದೇವರು, ಎದ್ದು ಎಲ್ಲರ ಬಟ್ಟಲಿಗೂ ಪಾನೀಯ ಸುರಿಯುತ್ತಾನೆ. ಅವನು ಕುಂಟ. ಅವನು ಏದುಸಿರು ಬಿಡುತ್ತ ಓಡಾಡುವುದನ್ನು ನೋಡಿ ಇಡೀ ಸಭೆ ಬಿದ್ದು ಬಿದ್ದು ನಗುತ್ತದೆ. ಜಗಳ ನಿಂತುಹೋಗುತ್ತದೆ.

ಈ ನಗುವಿನ ಮೇಲೆ ನಾನು ಬರೆದ ವಾದ ಸರಳವಾಗಿತ್ತು: ಹೀಗೆ ನಗೆಪಾಟಲು ಮಾಡಿದ ಕವಿಗಳಿಗೆ ದೇವರುಗಳ ಮೇಲೆ ನಂಬಿಕೆ ಉಳಿದಿರಲಿಲ್ಲ. ಮೂವರು ಪರೀಕ್ಷಕರಲ್ಲಿ ಒಬ್ಬರು, ನರೆತ ಕೂದಲನ್ನು ಗಂಡಸರಂತೆ ಕತ್ತರಿಸಿಕೊಂಡಿದ್ದ ಪ್ರೊಫೆಸರ್, ಓದಿ ಮುಗಿಸಿ ಒಂದೇ ಪ್ರಶ್ನೆ ಕೇಳಿದರು. “ಈ ಕಾವ್ಯಗಳನ್ನು ಹಾಡುತ್ತಿದ್ದದ್ದು ಎಲ್ಲಿ? ಇದೇ ದೇವರುಗಳ ಹಬ್ಬದಲ್ಲಿ. ಕೇಳಿ ನಕ್ಕವರು ಮರುದಿನ ಬೆಳಿಗ್ಗೆ ಇದೇ ದೇವರುಗಳಿಗೆ ಬಲಿ ಕೊಡುತ್ತಿದ್ದರು. ನಗು ನಿಜವೋ, ಬಲಿ ನಿಜವೋ?” ಪ್ರಬಂಧವನ್ನು ನನ್ನ ಕೈಗೇ ವಾಪಸು ಕೊಟ್ಟರು. ಏಪ್ರಿಲ್‌ನಲ್ಲಿ ಇನ್ನೊಂದು ಅವಕಾಶ ಕೊಟ್ಟರು. ಆಗಲೂ ಉತ್ತರವಿಲ್ಲದಿದ್ದರೆ ಪದವಿ ಇಲ್ಲ. ಮೂರು ವರ್ಷದ ಓದು ಬಿಟ್ಟು ಬರಿಗೈಯಲ್ಲಿ ವಿಮಾನ ಹತ್ತಬೇಕು.

ನನಗೆ ತಲೆ ಕೆಟ್ಟಾಗ ನಾನು ಹೋಗುತ್ತಿದ್ದದ್ದು ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ಗೆ. ಅಲ್ಲಿನ ಅಂಕಲ್ ಆಂಟಿ ನನಗೆ ನೆಂಟರಲ್ಲ. ನಾನು ಮೊದಲ ಸಲ ಹ್ಯೂಸ್ಟನ್‌ನಲ್ಲಿ ಇಳಿದಾಗ ಕನ್ನಡ ಕೂಟದವರು ಹೇಳಿದರೆಂದು ವಿಮಾನ ನಿಲ್ದಾಣಕ್ಕೆ ಬಂದು ಕರೆದೊಯ್ದವರು. ಆಮೇಲೆ ಬಿಡಲಿಲ್ಲ. ಅಂಕಲ್ ಉಡುಪಿ ಕಡೆಯವರು, ತೈಲ ಕಂಪನಿಗಳೇ ತುಂಬಿದ ಎನರ್ಜಿ ಕಾರಿಡಾರ್‌ನಲ್ಲಿ ಇಂಜಿನಿಯರ್. ಆಂಟಿ ಮೈಸೂರಿನವರು, ಎರಡೂ ಮಂಡಿ ಸವೆದು ಎಡಗಾಲು ಎಳೆದು ನಡೆಯುತ್ತಿದ್ದರು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಅವರ ಗ್ಯಾರೇಜಿನಿಂದ ಎರಡು ಕಾರು ಹೊರಗೆ ಬರುತ್ತಿದ್ದವು, ಒಳಗೆ ಜಮಖಾನೆ ಹಾಸಿ ತಾಳಮದ್ದಳೆ ನಡೆಯುತ್ತಿತ್ತು. ಭಾಗವತರು ಡಾಲಸ್ ಪಕ್ಕದ ಪ್ಲೇನೋದ ಐಟಿ ಕಾಂಟ್ರಾಕ್ಟರ್. ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು, ಹಿಂದಿನ ಸೀಟಿನಲ್ಲಿ ಮದ್ದಳೆಗೆ ಸೀಟ್ ಬೆಲ್ಟ್ ಹಾಕಿ ತರುತ್ತಿದ್ದರು.

ಬಯಲುಸೀಮೆಯವಳಾದ ನನಗೆ ಇದು ಹೊಸದು. ವೇಷವಿಲ್ಲ, ಕುಣಿತವಿಲ್ಲ, ಎಲ್ಲರೂ ಪಂಚೆ ಉಟ್ಟು ನೆಲಕ್ಕೆ ಕೂತಿರುತ್ತಾರೆ. ಭಾಗವತರು ಒಂದು ಪದ್ಯ ಹಾಡುತ್ತಾರೆ, ದೇವರೋ ರಾಜನೋ ಆಗಿ ಕೂತವರು ಅದರ ಅರ್ಥವನ್ನು ಅಲ್ಲೇ ಹುಟ್ಟಿಸಿ ಮಾತಾಡುತ್ತಾರೆ. ಮೊದಲೇ ಬರೆದ ಮಾತು ಒಂದೂ ಇಲ್ಲ. ಎದುರಾಳಿಗೆ ಯಾರೂ ಊಹಿಸದ ಪ್ರಶ್ನೆ ಹಾಕಿ ಕಟ್ಟಿಹಾಕುವುದೇ ಜಾಣತನ. ಉತ್ತರ ಹೊಳೆಯದೆ ಬಾಯಿ ಕಟ್ಟಿದವನು ಸೋತ.

ನನ್ನ ಕಥೆ ಕೇಳಿದ ಅಂಕಲ್ ಇಡ್ಲಿ ಮುರಿಯುತ್ತಲೇ ಹೇಳಿದರು, “ಅದಕ್ಕೆಂಥ ಅಳುದು ಮಾರಾಯ್ತಿ? ಮುಂದಿನ ತಿಂಗಳು ನಿನ್ನ ಗ್ರೀಕ್ ದೇವರದ್ದೇ ಪ್ರಸಂಗ ಮಾಡುವ. ನೀನು ಕಥೆ ಬರೆದು ಕೊಡು, ಪದ್ಯ ಭಾಗವತ್ರು ಕಟ್ತಾರೆ.”

“ಅಂಕಲ್, ಅದರಾಗ ನೂರು ಎತ್ತು ಕಡದು ಬಲಿ ಕೊಡ್ತಾರ್ರಿ.”

“ಎತ್ತು ಗಿತ್ತು ಎಲ್ಲ ಹೇಳ್ಬೇಡ, ಊಟಕ್ಕೆ ಜನ ನಿಲ್ಲುದಿಲ್ಲ. ದೇವರುಗಳು ತಿನ್ನುದೆಂಥ, ಎತ್ತಾ?”

“ಇಲ್ರಿ. ಬರೇ ಹೊಗಿ. ಬೆಂಕ್ಯಾಗಿಂದ ಮ್ಯಾಲೆ ಏರೂ ಹೊಗಿ.”

“ಮತ್ತೆ? ಹೊಗೆ ಅಂತ್ಲೇ ಹೇಳು. ಅದು ನಮಗೂ ಗೊತ್ತುಂಟು.”

ಕ್ಲಾಸಿನಲ್ಲಿ ಹೊಗೆ ತಿನ್ನುವ ದೇವರುಗಳ ಬಗ್ಗೆ ಎರಡು ಗಂಟೆ ಚರ್ಚೆಯಾಗಿತ್ತು. ಇಲ್ಲಿ ಹೋಮ ನೋಡಿದವರ ಮನೆಯಲ್ಲಿ ಅದು ಇಡ್ಲಿ ಮುಗಿಯುವ ಮೊದಲೇ ಮುಗಿಯಿತು.

ನಾನು ಒಂದು ಪುಟದಲ್ಲಿ ಔತಣದ ಕಥೆ ಬರೆದುಕೊಟ್ಟೆ. ಹಾಳೆಯ ಅಂಚಿನಲ್ಲಿ, ನಾಟಕಕ್ಕೆ ಬರೆಯುವ ಹಾಗೆ, ‘ಕುಲುಮೆಯ ದೇವರು ಕುಂಟುತ್ತ ಬಂದು ಬಡಿಸುತ್ತಾನೆ, ಎಲ್ಲರೂ ನಗುತ್ತಾರೆ’ ಎಂದು ಸೂಚನೆ ಹಾಕಿದ್ದೆ. ಅಂಕಲ್ ಕನ್ನಡಕ ಏರಿಸಿ ಅದನ್ನು ಎಲ್ಲರಿಗೂ ಓದಿ ತೋರಿಸಿದರು. “ಕೂತವನು ಕುಂಟುದು ಹೇಗೆ ಮಾರಾಯ್ತಿ? ತಾಳಮದ್ದಳೆಯಲ್ಲಿ ಏಳ್ಲಿಕ್ಕೇ ಇಲ್ಲ!” ಭಾಗವತರು ನಕ್ಕು ನಕ್ಕು ತಾಳ ಕೆಳಗಿಟ್ಟರು. ಕುಂಟುವುದಾದರೆ ಮಾತಿನಲ್ಲೇ ಕುಂಟಬೇಕು. ಗ್ರೀಕ್ ಕಾವ್ಯದಲ್ಲಿ ಆ ನಗು ಹುಟ್ಟುವುದೇ ಕಾಲಿನಿಂದ. ಕಾಲು ತೆಗೆದರೆ ಏನು ಉಳಿಯುತ್ತದೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಫೆಬ್ರವರಿಯ ಆ ಶನಿವಾರ ಅಂಕಲ್ ಸಿಡಿಲಿನ ದೇವರಾದರು. ಅವರ ಆಫೀಸಿನ, ದಪ್ಪ ಮೀಸೆಯ ಪೈಪ್‌ಲೈನ್ ಇಂಜಿನಿಯರ್ ಆತನ ರಾಣಿ. ಕುಲುಮೆಯ ದೇವರಾಗಬೇಕಿದ್ದವರು ಬೆಳಿಗ್ಗೆ ಪ್ಲಾಂಟಿನಿಂದ ಕರೆ ಬಂದು ಹೋಗಿಬಿಟ್ಟರು. ನನ್ನನ್ನು ಕೂರಿಸಿದರು. “ನಂಗ ಬರೂದಿಲ್ಲರಿ” ಎಂದರೂ ಬಿಡಲಿಲ್ಲ. “ನಿನ್ನದೇ ದೇವರು, ನೀನೇ ಮಾತಾಡು” ಎಂದರು ಅಂಕಲ್.

ಗಂಡಹೆಂಡಿರ ಜಗಳ ಚೆನ್ನಾಗಿ ಏರಿತು. ಮೀಸೆಯ ರಾಣಿ ಸಿಡಿಲಿನ ದೇವರ ಹಳೆಯ ಪ್ರೇಮ ಪ್ರಸಂಗಗಳನ್ನು ಒಂದೊಂದಾಗಿ ಬಿಚ್ಚಿದಾಗ ಗ್ಯಾರೇಜಿನಲ್ಲಿದ್ದ ಹದಿನೈದಿಪ್ಪತ್ತು ಜನ ನೆಲ ಬಡಿದು ನಕ್ಕರು. ನಾನು ಸಮಾಧಾನದ ಮಾತು ಶುರುಮಾಡಿದೆ. ಅಂಕಲ್ ಕೈಯೆತ್ತಿ ನಿಲ್ಲಿಸಿದರು. ಮನೆಮಾತಿನ ಅಂಕಲ್ ಹೋಗಿ ಗ್ರಾಂಥಿಕ ಕನ್ನಡದ ದೇವರು ಬಂದಿದ್ದರು.

“ಎಲೈ ಕುಮಾರ, ಒಂದು ಸಂದೇಹವನ್ನು ಪರಿಹರಿಸು. ನಾವಿಲ್ಲಿ ಕಾದಾಡುವುದನ್ನು ಭೂಮಿಯ ಮನುಷ್ಯರು ಹಾಡು ಕಟ್ಟಿ ಹಾಡಿ ನಗುತ್ತಾರೆ. ನಕ್ಕ ಬಾಯನ್ನು ಒರೆಸಿಕೊಂಡು ಬಂದು ನಮಗೇ ಹೊಗೆಯಿಟ್ಟು ಕೈಮುಗಿಯುತ್ತಾರೆ. ನಕ್ಕದ್ದು ಸುಳ್ಳೋ, ಮುಗಿದದ್ದು ಸುಳ್ಳೋ? ಉತ್ತರ ಹೇಳದೆ ಬಟ್ಟಲನ್ನು ಮುಟ್ಟಬೇಡ!”

ನನ್ನ ಪರೀಕ್ಷಕರ ಪ್ರಶ್ನೆ! ಬೇಕೆಂದೇ ಇಟ್ಟಿದ್ದರು. ಮುಂದೆ ನಡೆದದ್ದು ನನ್ನ ನೆನಪಿನಲ್ಲಿ ಹೀಗಿದೆ: ನಾನು ಒಂದು ಕ್ಷಣ ಕಣ್ಣು ಮುಚ್ಚಿದೆ, ತೆರೆದು ಹೇಳಿದೆ, “ತಂದೆಯೇ, ಎರಡೂ ನಿಜ. ನಂಬಿದವರನ್ನು ಮಾತ್ರ ಮನುಷ್ಯ ಬೈಯುತ್ತಾನೆ, ನಗುತ್ತಾನೆ. ನಂಬಿಕೆ ಹೋದಲ್ಲಿ ಎದ್ದು ಹೋಗುತ್ತಾನೆ.” ಚಪ್ಪಾಳೆ ಬಿತ್ತು. ಮಾತು ಬಂದುಬಿಟ್ಟಿತು, ಹತ್ತು ನಿಮಿಷ ನಿಲ್ಲಲಿಲ್ಲ. ನನ್ನನ್ನು ನೋಡಿ ನಗಲಿ ಎಂದೇ ನಾನು ಕುಂಟಿದೆ ಎಂದೆ. ಸಿಡಿಲಿನಿಂದ ನಿಲ್ಲದ ಜಗಳ ನನ್ನ ಕಾಲಿನಿಂದ ನಿಂತಿತು ಎಂದೆ. ಭಾಗವತರು ಮಂಗಳ ಹಾಡಿದರು.

ಆಸ್ಟಿನ್‌ಗೆ ಬಂದವಳೇ ಕಾವ್ಯಗಳನ್ನು ಮೊದಲಿನಿಂದ ಓದಲು ಕೂತೆ. ಈ ಸಲ ಹುಡುಕಿದ್ದು ಬೈಗುಳ. ಎಷ್ಟೊಂದು ಸಿಕ್ಕಿತು! ಯುದ್ಧದ ನಡುವೆ ಸೈನಿಕನೊಬ್ಬ ಆಕಾಶಕ್ಕೆ ಮುಖವೆತ್ತಿ ಸಿಡಿಲಿನ ದೇವರನ್ನು ವಂಚಕ ಎಂದು ಬೈಯುತ್ತಾನೆ, ಬೈದ ಬಾಯಲ್ಲೇ ಅವನ ಮುಂದೆ ಬೇಡಿಕೊಳ್ಳುತ್ತಾನೆ. ಕವಿ ಅದನ್ನು ತಪ್ಪೆಂದು ಹೇಳುವುದಿಲ್ಲ. ಎಷ್ಟೋ ಸಲ ಮೇಲಿರುವವನು ಕೇಳಿಸಿಕೊಂಡು ಕರಗುತ್ತಾನೆ. ನಾನು ಇವನ್ನೆಲ್ಲ ಮೊದಲೂ ಓದಿದ್ದೆ, ಕೋಪ ಎಂದು ಗುರುತು ಹಾಕಿ ಮುಂದೆ ಹೋಗಿದ್ದೆ. ನಮ್ಮ ಮನೆಯಲ್ಲಿ ಅಜ್ಜ ದೇವರೆದುರು ಎಂದೂ ದನಿ ಏರಿಸಿದವರಲ್ಲ. ನಿಂದಾಸ್ತುತಿ ಎಂಬ ಶಬ್ದ ನನಗೆ ಕನ್ನಡದ ಪಠ್ಯಪುಸ್ತಕದಿಂದ ಗೊತ್ತಿತ್ತೇ ಹೊರತು ಅಡುಗೆಮನೆಯಿಂದಲ್ಲ. ಐದು ವಾರದಲ್ಲಿ ಮೂರನೆಯ ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆದೆ. ಅದರ ಮೊದಲ ವಾಕ್ಯ, ನಂಬಿದವರನ್ನೇ ಬೈಯುವುದು ಎಂಬುದು. ಬರೆದು ಹೆಮ್ಮೆಪಟ್ಟೆ.

ಪರೀಕ್ಷೆ ಹನ್ನೊಂದಕ್ಕೆ. ಹತ್ತೂಕಾಲಿಗೆ ಲೈಬ್ರರಿಯಲ್ಲಿ ಕೂತು ಡೈರಿ ತೆರೆದೆ. ತಾಳಮದ್ದಳೆ ನಡೆದ ತಾರೀಖು ನೋಡಿಕೊಳ್ಳಬೇಕಿತ್ತು, ಯಾರಾದರೂ ಕೇಳಿದರೆ ಎಂದು. ಅಂದು ಸಂಜೆ ನಾನೇ ಬರೆದದ್ದು ಹೀಗಿತ್ತು:

‘ಅಂಕಲ್ ಪ್ರಶ್ನೆ ಹಾಕಿದರು. ನನಗೆ ಬಾಯಿ ಕಟ್ಟಿತು. ಭಾಗವತರು ತಾಳ ಹಿಡಿದು ಕಾಯುತ್ತಿದ್ದರು. ಬಾದಾಮಿ ಹಾಲಿನ ಟ್ರೇ ಹಿಡಿದು ಕಾಲೆಳೆಯುತ್ತ ಬಂದ ಆಂಟಿ ನಿಂತಲ್ಲೇ ಹೇಳಿದರು, ನಂಬಿದೋರ್ನ ತಾನೇ ಬೈಯೋದು, ನಂಬದೇ ಇರೋರ್ನ ಯಾರು ಬೈತಾರೆ, ಎದ್ದು ಹೋಗ್ತಾರೆ ಅಷ್ಟೇ. ಎಲ್ಲರೂ ನಕ್ಕರು. ನಾನು ಅದನ್ನೇ ಹಿಡಿದುಕೊಂಡು ಮಾತಾಡಿದೆ.’

ಎರಡು ಸಲ ಓದಿದೆ. ನನ್ನದೇ ಅಕ್ಷರ. ಟ್ರೇ ಹಿಡಿದ ಆಂಟಿಯನ್ನು ನನ್ನ ನೆನಪು ಎರಡೇ ತಿಂಗಳಲ್ಲಿ ಗ್ಯಾರೇಜಿನಿಂದ ಹೊರಗೆ ಹಾಕಿತ್ತು. ಆಗ ಇನ್ನೊಂದೂ ನೆನಪಾಯಿತು. ಇದು ಒಂದು ಸಲವಲ್ಲ, ಅವರ ಮನೆಯಲ್ಲಿ ಉಳಿದಾಗಲೆಲ್ಲ ಕೇಳಿದ್ದು, ಹಾಗಾಗಿ ಇದನ್ನು ನಂಬುತ್ತೇನೆ. ಬೆಳಿಗ್ಗೆ ದೇವರ ಗೂಡಿನ ಮುಂದೆ ದೀಪ ಹಚ್ಚುತ್ತ ಆಂಟಿಯ ದನಿ: “ಏನಪ್ಪಾ, ಮೂರು ತಿಂಗಳಿಂದ ಮಂಡಿ ಮಂಡಿ ಅಂತ ಬಡ್ಕೋತಾ ಇದೀನಿ, ಕಿವಿಗೆ ಹಾಕ್ಕೊಂಡ್ಯಾ? ಇವತ್ತು ಹೂವಿಲ್ಲ ನಿಂಗೆ, ಹೋಗು.” ಅರ್ಧ ಗಂಟೆಯಲ್ಲಿ ಹೂವು ಇರುತ್ತಿತ್ತು. ನಾನು ಆ ಗೂಡಿನ ಪಕ್ಕದ ಸೋಫಾದಲ್ಲೇ ಕೂತು, ಬೈದೂ ಪೂಜಿಸುವ ಜನ ಹೇಗಿದ್ದಿರಬಹುದು ಎಂದು ಪುಸ್ತಕ ತಿರುವುತ್ತಿದ್ದೆ.

ಪರೀಕ್ಷಾ ಕೋಣೆಯಲ್ಲಿ ನರೆತ ಕೂದಲಿನ ಪ್ರೊಫೆಸರ್ ನೇರ ಮೂರನೆಯ ಅಧ್ಯಾಯಕ್ಕೆ ಬಂದರು. ಬೈಗುಳದ ಒಂದೊಂದು ಕಡೆಯನ್ನೂ ಮೂಲದಲ್ಲಿ ಓದಿಸಿದರು. ಒಂದು ಕಡೆ ನಾನು ಅರ್ಥ ಬಗ್ಗಿಸಿದ್ದೇನೆ ಎಂದರು. ಇಲ್ಲ ಎಂದು ಹಿಡಿದು ನಿಂತೆ. ಇನ್ನೊಂದು ಕಡೆ ಹಾಗೇ ಎಂದರು. ಹೌದು ಎಂದು ಬಿಟ್ಟುಕೊಟ್ಟೆ. ಕೊನೆಗೆ ಅಧ್ಯಾಯದ ಮೊದಲ ವಾಕ್ಯದ ಕೆಳಗೆ ಬೆರಳಿಟ್ಟು, “ಎಲ್ಲ ನಿಂತಿರುವುದು ಇದರ ಮೇಲೆ. ಇದು ಎಲ್ಲಿಂದ ಬಂತು?” ಎಂದರು.

‘ನನ್ನದೇ’ ಎನ್ನುವುದು ಸುಲಭವಿತ್ತು. ಡೈರಿ ತೆರೆಯುವ ಮೊದಲಾಗಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ. ಗ್ಯಾರೇಜು, ಬಾದಾಮಿ ಹಾಲು ಎಂದರೆ ಈ ಕೋಣೆಯಲ್ಲಿ ಪ್ರಬಂಧ ಉಳಿಯುತ್ತದೆಯೇ ಎಂದು ಹೆದರಿಕೆಯಾಯಿತು. ಆದರೂ ಹೇಳಿದೆ, ಟ್ರೇ ಸಮೇತ. ಮಾತು ನನ್ನದೆಂದೇ ಈವರೆಗೆ ನಂಬಿದ್ದೆ, ಡೈರಿ ಇವತ್ತು ತಿದ್ದಿತು ಎಂದೂ ಹೇಳಿದೆ.

ಪ್ರೊಫೆಸರ್ ಕೇಳಿದರು, “ಆಕೆ ಪೂಜೆ ಮಾಡುವವರೋ?”

“ದಿನಾ. ದಿನಾ ಬೈಯುತ್ತಾರೆ ಕೂಡ.”

ಅವರು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ನಾನು ಮೂವತ್ತು ವರ್ಷದಿಂದ ಈ ದೇವರುಗಳ ಬಗ್ಗೆ ಪಾಠ ಮಾಡುತ್ತಿದ್ದೇನೆ, ಒಮ್ಮೆಯೂ ಬೈದಿಲ್ಲ. ಆಕೆಗೆ ಗೊತ್ತಿರುವುದು ನನಗೆ ಗೊತ್ತಿಲ್ಲ. ಮಾತು ಅವರದು ಎಂದು ಅಡಿಟಿಪ್ಪಣಿ ಹಾಕಿ.” ನನ್ನನ್ನು ಹೊರಗೆ ಕೂರಿಸಿ ಹತ್ತು ನಿಮಿಷಕ್ಕೆ ಮತ್ತೆ ಕರೆದರು. ಮೂವರೂ ಎದ್ದು ನಿಂತು ಕೈಕುಲುಕಿದರು. ಪಾಸು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು, ನಿಜ ಹೇಳುತ್ತೇನೆ, ಕೂಗಿದೆ. ಹುಲ್ಲಿನ ಮೇಲೆ ಮಲಗಿದ್ದವನೊಬ್ಬ ಇಯರ್‌ಫೋನ್ ತೆಗೆದು ನೋಡಿದ. ಇದು ಡೈರಿಯಲ್ಲೂ ಇದೆ.

ಫೋನ್ ಮಾಡಿದರೆ ಆಂಟಿ ಮೊದಲು ದೇವರ ಗೂಡಿನ ಕಡೆ ತಿರುಗಿ, “ನೋಡಿದ್ಯಾ, ಬೈದ್ರೇನೇ ನೀನು ಕೆಲ್ಸ ಮಾಡೋದು” ಎಂದದ್ದು ಕೇಳಿಸಿತು. ಅಡಿಟಿಪ್ಪಣಿಯ ವಿಷಯ ಹೇಳಿದೆ.

“ನಾನೆಲ್ಲಿ ಹಂಗಂದೆ ಕಣೇ? ನಿಮ್ಮಂಕಲ್ ಅಂದಿರ್ಬೇಕು.”

ಹಿಂದಿನಿಂದ ಅಂಕಲ್, “ನಾನೇ ಅಂದದ್ದು, ಮತ್ತೆ ಯಾರು!”

“ನೀವು ಸುಮ್ನಿರಿ. ನಾನೇ ಅಂದಿದ್ದು ಕಣೇ, ಈಗ ಜ್ಞಾಪಕ ಬಂತು.”

ನಾನು ಡೈರಿಯನ್ನೇ ನಂಬಿದೆ. ಅಡಿಟಿಪ್ಪಣಿ ಆಂಟಿಯ ಹೆಸರಿಗೇ ಹೋಯಿತು.

ಮೇ ತಿಂಗಳಲ್ಲಿ ಪ್ಲೇನೋದ ಭಾಗವತರು ಡಾಲಸ್ ಕಡೆಯ ಕನ್ನಡಿಗರಿಗಾಗಿ ಅಲ್ಲಿಯ ಒಂದು ಸಭಾಂಗಣದಲ್ಲಿ ಇದೇ ಪ್ರಸಂಗ ಇಟ್ಟುಕೊಂಡರು. ಕುಲುಮೆಯ ದೇವರಾಗಿ ನಾನೇ ಕೂರಬೇಕು ಎಂದರು. ನಾನು ಒಪ್ಪಲಿಲ್ಲ. ಆಂಟಿ ಕೂತರೆ ಮಾತ್ರ ಪ್ರಸಂಗ ಎಂದೆ. ಇಷ್ಟು ವರ್ಷ ಗ್ಯಾರೇಜಿನಲ್ಲಿ ಬಡಿಸಿದವರು ಒಂದು ದಿನವೂ ಜಮಖಾನೆಯ ಮೇಲೆ ಕೂತಿರಲಿಲ್ಲ. ಮಂಡಿ ಮಡಚಲು ಬಾರದ ಕಾರಣ ಅವರಿಗೊಂದು ಕುರ್ಚಿ ಹಾಕಿದರು. ಹಾಗಾಗಿ ದೇವಲೋಕದಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ಕುಂಟ ದೇವರು ಕೂತ.

ಅಂಕಲ್ ಅದೇ ಪ್ರಶ್ನೆ ಹಾಕುತ್ತಾರೆ ಎಂದು ನಾನು ಕಾಯುತ್ತಿದ್ದೆ. ಹಾಕಲಿಲ್ಲ. ಬೇರೆಯದೇ ಎತ್ತಿಕೊಂಡರು. “ಎಲೈ ಕುಮಾರ, ನಿನ್ನ ನಡಿಗೆಯನ್ನು ಕಂಡು ಸುರಸಭೆಯೇ ನಗುತ್ತಿದೆ. ನಾಚಿಕೆಯಾಗದೆ ನಿನಗೆ?”

ಆಂಟಿಗೆ ಗ್ರಾಂಥಿಕ ಕನ್ನಡ ಬಾರದು. ಸೆರಗು ಸರಿಮಾಡಿಕೊಂಡು ಮನೆಮಾತಿನಲ್ಲೇ ಶುರುಮಾಡಿದರು. “ನಾಚಿಕೆ ನಂಗ್ಯಾಕಪ್ಪಾ? ಬಡಿಸೋನು ನಾನು, ಕೂತು ತಿನ್ನೋರು ನೀವು. ಕಾಲು ಸರಿಯಿರೋರು ಒಬ್ರಾದ್ರೂ ಎದ್ರಾ? ನಗೋಕಾದ್ರೂ ಸೇರ್ಕೊಂಡ್ರಲ್ಲ, ಅಷ್ಟು ಸಾಕು ಅಂತ ಬಡಿಸ್ದೆ. ಇಲ್ದಿದ್ರೆ ನಿಮ್ಮ ಸಿಡಿಲು ಇಟ್ಕೊಂಡು ನೀವು, ಮೂತಿ ತಿರುಗಿಸ್ಕೊಂಡು ಅಮ್ಮ, ನಿಮ್ಮ ಸ್ವರ್ಗದಲ್ಲಿ ಒಂದು ಹೊತ್ತು ಒಲೆ ಉರೀತಿತ್ತಾ?”

ಸಭಾಂಗಣ ಎದ್ದುಬಿಟ್ಟಿತು. ಅಂಕಲ್ ಬಾಯಿ ತೆರೆದರು. ಮದ್ದಳೆಯವರು ಒಂದು ಪೆಟ್ಟು ಕೊಟ್ಟು ಕಾದರು. ಇನ್ನೊಂದು ಪೆಟ್ಟು. ನಾನು ನೋಡಿದ ಅಷ್ಟೂ ಶನಿವಾರಗಳಲ್ಲಿ ಒಮ್ಮೆಯೂ ಮಾತಿಗೆ ತಡವರಿಸದ ಮನುಷ್ಯ ಹೆಂಡತಿಯ ಮುಖ ನೋಡುತ್ತ ಕೂತರು, ಆಮೇಲೆ ಎರಡೂ ಕೈ ಜೋಡಿಸಿದರು. ಭಾಗವತರು ಮಂಗಳಕ್ಕೆ ತಾಳ ಎತ್ತಿಕೊಂಡರು.

ಮುಗಿದ ಮೇಲೆ ಬಾದಾಮಿ ಹಾಲಿನ ಟ್ರೇ ಹಿಡಿದು ಬಂದದ್ದು ಸಿಡಿಲಿನ ದೇವರು. ಮೂರು ಗಂಟೆ ಚಕ್ಕಳಮಕ್ಕಳ ಕೂತು ಕಾಲು ಜೋಮು ಹಿಡಿದು, ಪಂಚೆ ಎತ್ತಿ ಹಿಡಿದುಕೊಂಡು ಕುಂಟುತ್ತ ಬರುತ್ತಿದ್ದರು. ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಅವರೂ ನಗುತ್ತಿದ್ದರು. ಮೊದಲ ಲೋಟ ಕುರ್ಚಿಯ ಮೇಲಿದ್ದವರಿಗೆ ಕೊಟ್ಟರು.

ಆಂಟಿ ಒಂದು ಗುಟುಕು ಕುಡಿದು ಮುಖ ಮಾಡಿದರು. “ಸಕ್ರೆ ಜಾಸ್ತಿ ಆಯ್ತಲ್ಲೋ ದೇವ್ರೇ.”

ಆಮೇಲೆ ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದರು.